ದೊಡ್ಡ ಡಬ್ಬಿ ಮೇಸ್ತ್ರಿ

ನಂಬುವುದಿಲ್ಲ ಅನ್ನುತ್ತೀರಲ್ಲ, ಬೇಡ ಬಿಡಿ, ನಂಬಬೇಡಿ. ನಂಬಿ ಅಂತ ಯಾರೂ ನಿಮ್ಮ ಕಾಲು ಹಿಡಿದಿಲ್ಲ. ಒಂದೇ ಇಂಜಿನ್, ನಡುವೆ ಒಂದು ಸಲವೂ ಬಿಚ್ಚದೆ, ನಾಲ್ಕು ಲಕ್ಷ ಕಿಲೋಮೀಟರ್ ಓಡಿತು ಅಂದರೆ ನಗು ಬರುವುದೇ. ಆದರೆ ನಗುವ ಮೊದಲು ಇಷ್ಟು ಹೇಳಿ, ಆಯಿಲ್ ಫಿಲ್ಟರನ್ನು ಎಂದಾದರೂ ಕೈಯಲ್ಲಿ ಹಿಡಿದು ನೋಡಿದ್ದೀರಾ? ಇಲ್ಲ. ಮತ್ತೆ ಯಾವ ಧೈರ್ಯದ ಮೇಲೆ ನಗುತ್ತಿದ್ದೀರಿ?

ಟೀ ಸೋಸುವ ಜಾಲರಿ ಇರುತ್ತದಲ್ಲ, ಹಾಗೆ ಅಂದುಕೊಳ್ಳಿ. ಇಂಜಿನ್ನಿನ ಹೊಟ್ಟೆಯಲ್ಲಿ ಆಯಿಲ್ ಸುತ್ತುತ್ತಲೇ ಇರುತ್ತದೆ. ಸುತ್ತುತ್ತಾ ಮಸಿ, ಕೊಳೆ, ಕಬ್ಬಿಣದ ಪುಡಿ ಎಲ್ಲವನ್ನೂ ಎತ್ತಿಕೊಂಡು ಬರುತ್ತದೆ. ಅದೆಲ್ಲ ಒಂದು ತಗಡಿನ ಡಬ್ಬಿಯೊಳಗೆ, ಮಡಿಕೆ ಮಡಿಕೆಯಾಗಿ ತುರುಕಿದ ಕಾಗದದಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಡಬ್ಬಿಯೇ ಫಿಲ್ಟರ್. ಅದರ ಬಾಯಿಗೆ ಒಂದು ರಬ್ಬರ್ ರಿಂಗು. ತಿರುಗಿಸಿ ಇಂಜಿನ್ನಿಗೆ ಕೂರಿಸಿದರೆ ಆಯಿಲ್ ಹೊರಗೆ ಬರದ ಹಾಗೆ ಆ ರಿಂಗು ಒತ್ತಿ ಹಿಡಿಯುತ್ತದೆ. ಈ ಕಥೆಗೆ ಇಷ್ಟು ತಿಳಿದರೆ ಸಾಕು. ಇದಕ್ಕಿಂತ ಹೆಚ್ಚು ತಿಳಿದವರು ಹೇಗೂ ಕಥೆ ಕೇಳುವುದಿಲ್ಲ, ತಪ್ಪು ಹುಡುಕುತ್ತಾರೆ.

ಕಾರು ಮಾಡುವ ಕಂಪನಿಯವರು ಹಾಕಿ ಕೊಡುವುದು ಮುಷ್ಟಿಯಷ್ಟು ದೊಡ್ಡ ಡಬ್ಬಿ. ನಮ್ಮ ಕಾರು ರಿಪೇರಿ ಮೇಸ್ತ್ರಿ ಹಾಕುತ್ತಿದ್ದದ್ದು ವ್ಯಾನಿನ ಡಬ್ಬಿ, ಅದರ ಎರಡರಷ್ಟು ಉದ್ದ. ತಿರುಪು ಅದೇ, ರಿಂಗಿನ ಅಳತೆ ಅದೇ, ಹೊಟ್ಟೆ ಮಾತ್ರ ದೊಡ್ಡದು. ಮೊದಲ ಸಲ ಹಾಕಿದಾಗ ಅದರ ಹಿಂದೆ ಯಾವ ಸಿದ್ಧಾಂತವೂ ಇರಲಿಲ್ಲ. ಅಂದು ಸಣ್ಣ ಡಬ್ಬಿ ಎಲ್ಲೂ ಸಿಗಲಿಲ್ಲ, ಗಿರಾಕಿ ತಲೆಯ ಮೇಲೆ ಕೂತಿದ್ದ, ಮೂಲೆಯಲ್ಲಿ ವ್ಯಾನಿನದೊಂದು ಬಿದ್ದಿತ್ತು, ತಿರುಗಿಸಿ ನೋಡಿದರೆ ಕೂತುಬಿಟ್ಟಿತು. ಆ ಕಾರು ಆರು ತಿಂಗಳ ನಂತರ ಬಂದಾಗ ಒಳಗಿನ ಆಯಿಲ್ ಎಂದಿಗಿಂತ ತಿಳಿಯಾಗಿತ್ತು. ಸಿದ್ಧಾಂತ ಹುಟ್ಟಿದ್ದು ಆಮೇಲೆ. ಹೆಚ್ಚು ಕಾಗದ, ಹೆಚ್ಚು ಸೋಸುತ್ತದೆ. ಹೆಚ್ಚು ಜಾಗ, ಆಯಿಲ್ ಒಂದು ಲೋಟ ಹೆಚ್ಚು ಹಿಡಿಯುತ್ತದೆ. ಮೂವತ್ತು ವರ್ಷ ಅವನು ಈ ಎರಡು ಮಾತನ್ನು ಹೇಳಿದಷ್ಟು ಸಲ ತನ್ನ ಹೆಂಡತಿಯ ಹೆಸರನ್ನೂ ಕರೆದಿರಲಾರ. ಬೀದಿಯವರು ಅವನಿಗೆ ದೊಡ್ಡ ಡಬ್ಬಿ ಮೇಸ್ತ್ರಿ ಅಂತಲೇ ಹೆಸರಿಟ್ಟರು.

ಕಥೆಗಳೂ ಸೇರಿಕೊಂಡವು. ಅವನು ಇಳಿಸಿದ ಹಳೇ ಆಯಿಲ್ ಎಷ್ಟು ತಿಳಿ ಅಂದರೆ, ಬೇಸಿನ್ನಿನ ಅಂಚಿಗೆ ಬಂದು ಕೂತ ಕಾಗೆ ಅದರಲ್ಲಿ ಮುಖ ನೋಡಿಕೊಂಡು ಗರಿ ಸರಿಮಾಡಿಕೊಂಡಿತಂತೆ. ಇನ್ನೊಂದು ಕಾರು ಮೂವರು ಮಾಲೀಕರನ್ನು ಮಣ್ಣಿಗೆ ಸೇರಿಸಿ ನಾಲ್ಕನೆಯವನನ್ನು ಕನ್ನಡಿಯಲ್ಲಿ ನೋಡಿ ಕೆಮ್ಮಿತಂತೆ. ಕಾಗೆಯದು ನಿಜ. ಕಾರು ಕೆಮ್ಮಿದ್ದು ಸ್ವಲ್ಪ ಹೆಚ್ಚಾಯಿತು.

ಇಷ್ಟೆಲ್ಲ ಹೆಸರು ಬಂದ ಕಾಲಕ್ಕೆ ಮೇಸ್ತ್ರಿಗೆ ಮಾತ್ರ ಸಾಕಾಗಿತ್ತು. ಮೂರು ಗೋಡೆ, ಒಂದು ತಗಡಿನ ಸೂರು, ನಡುವೆ ಕಾರಿನ ಕೆಳಗೆ ನಿಂತು ಕೆಲಸ ಮಾಡಲು ತೋಡಿದ ಪಿಟ್ಟು, ಅದೇ ಅವನ ಶೆಡ್ಡು. ಪಿಟ್ಟಿಗೆ ನಾಲ್ಕು ಮೆಟ್ಟಿಲು. ಇಳಿಯುವಾಗ ನಾಲ್ಕೇ ಇರುತ್ತಿದ್ದವು, ಹತ್ತುವಾಗ ಇತ್ತೀಚೆಗೆ ಹದಿನಾಲ್ಕಾಗಿದ್ದವು. ಬೆಳಿಗ್ಗೆ ಬಾಗಿಲು ತೆಗೆದು ಆ ಮೆಟ್ಟಿಲುಗಳನ್ನು ನೋಡಿದರೆ ಹಾಗೇ ಬಾಗಿಲು ಹಾಕಿಕೊಂಡು ಹೋಗೋಣ ಅನ್ನಿಸುತ್ತಿತ್ತು. ಹೋಗುತ್ತಿರಲಿಲ್ಲ. ಅಷ್ಟರಲ್ಲಿ ಯಾರಾದರೂ ಹಾರ್ನ್ ಹೊಡೆಯುತ್ತಿದ್ದರು.

ಫಿಲ್ಟರ್ ಬದಲಿಸುವುದರಲ್ಲಿ ಅವನದೊಂದು ಪದ್ಧತಿ. ಹಳೇ ಡಬ್ಬಿ ಬಿಚ್ಚಿದ ಮೇಲೆ ಅದು ಕೂತಿದ್ದ ಜಾಗವನ್ನು ಬಟ್ಟೆಯಿಂದ ಒರೆಸಿ, ಕಣ್ಣು ಮುಚ್ಚಿ, ತೋರುಬೆರಳನ್ನು ಅಲ್ಲಿ ಮೂರು ಸುತ್ತು ಆಡಿಸುತ್ತಿದ್ದ. ಕೆಲವೊಮ್ಮೆ ಹಳೇ ರಿಂಗು ಡಬ್ಬಿಯ ಜೊತೆ ಬರದೆ ಇಂಜಿನ್ನಿಗೇ ಅಂಟಿಕೊಂಡಿರುತ್ತದೆ. ಅದೂ ಕಪ್ಪು, ಜಾಗವೂ ಕಪ್ಪು, ಕಣ್ಣಿಗೆ ಸಿಗುವುದಿಲ್ಲ. ಅದರ ಮೇಲೆ ಹೊಸ ಡಬ್ಬಿ ಕೂರಿಸಿದರೆ ರಿಂಗಿನ ಮೇಲೆ ರಿಂಗು. ಒಂದು ದಿನ ಹಿಡಿಯಬಹುದು, ಮೂರು ದಿನ ಹಿಡಿಯಬಹುದು, ಆಮೇಲೊಂದು ಬೆಳಿಗ್ಗೆ ಜಾರಿ, ಇದ್ದ ಆಯಿಲ್ ಎಲ್ಲ ರಸ್ತೆಗೆ. ಅದಕ್ಕೇ ಆ ಮೂರು ಸುತ್ತು. ಮೂರು ಸುತ್ತು ಆದ ಮೇಲೆ ಹೊಸ ರಿಂಗಿಗೆ ಒಂದು ತೊಟ್ಟು ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ತಾಗಿದ ಮೇಲೆ ಮುಕ್ಕಾಲು ಸುತ್ತು ಬಿಗಿ. ಸ್ಪ್ಯಾನರ್ ಮುಟ್ಟಿಸುತ್ತಿರಲಿಲ್ಲ.

ಎದುರು ಸಾಲಿನಲ್ಲಿ ಬಿಡಿಭಾಗಗಳ ಅಂಗಡಿ. ಅದು ಭಾವಮೈದುನನದು, ಅಂದರೆ ಮೇಸ್ತ್ರಿಯ ಹೆಂಡತಿಯ ತಮ್ಮನದು. ಹತ್ತು ವರ್ಷ ಇದೇ ಶೆಡ್ಡಿನಲ್ಲಿ ಭಾವನ ಕೈಕೆಳಗೆ ಸ್ಪ್ಯಾನರ್ ಹಿಡಿದು, ಸೊಂಟ ನೋವು ಅಂತ ಅಂಗಡಿ ಹಾಕಿಕೊಂಡವನು. ದೊಡ್ಡ ಡಬ್ಬಿಯನ್ನು ಮಾರುತ್ತಿದ್ದವನೂ ಅವನೇ, ಬೈಯುತ್ತಿದ್ದವನೂ ಅವನೇ.

"ಭಾವ, ಅಷ್ಟು ದೊಡ್ಡದು ಬೇಕಾಗಿದ್ರೆ ಕಂಪನಿಯವರೇ ಹಾಕ್ತಿರ್ಲಿಲ್ವಾ? ಅಲ್ಲಿ ಕೂತಿರೋ ಇಂಜಿನಿಯರುಗಳೇನು ದಡ್ಡರಾ?"

"ದಡ್ಡರಲ್ಲ ಕಣೋ, ಬುದ್ಧಿವಂತರು. ಗ್ಯಾರಂಟಿ ಮುಗಿಯೋ ದಿನದ ತನಕ ಓಡೋದಕ್ಕೆ ಎಷ್ಟು ಬೇಕೋ ಅಷ್ಟೇ ಹಾಕಿದಾರೆ. ಮಾರನೇ ದಿನದಿಂದ ನನ್ನ ಡ್ಯೂಟಿ."

"ಕೆಳಗಡೆ ಜೋತಾಡ್ತಿರತ್ತೆ. ಒಂದು ಕಲ್ಲು ಹೊಡೀತು ಅಂದ್ರೆ?"

"ತಗಡು ಬಡಿದು ಅಡ್ಡ ಕಟ್ಟಿದೀನಲ್ಲ."

"ಡಬ್ಬಿಗೆ ಒಂದು ಮನೆ ಬೇರೆ! ನನ್ನ ಅಕ್ಕನಿಗೆ ಅಡುಗೆಮನೆಗೆ ಒಂದು ಶೆಲ್ಫ್ ಮಾಡ್ಕೊಡಿ ಅಂತ ಎಂಟು ವರ್ಷದಿಂದ ಹೇಳ್ತಿದೀನಿ."

ಹೀಗೆ ಮೂವತ್ತು ವರ್ಷ ನಡೆದಿತ್ತು. ಇಬ್ಬರಿಗೂ ಜಗಳ ಗೆಲ್ಲುವ ಆಸೆ ಹೋಗಿ ಬಹಳ ದಿನವಾಗಿತ್ತು. ಹಲ್ಲುಜ್ಜಿದ ಹಾಗೆ ದಿನಾ ಮಾಡುತ್ತಿದ್ದರು, ಅಷ್ಟೆ.

ನಾಲ್ಕು ಲಕ್ಷ ಕಿಲೋಮೀಟರಿನ ಕಾರು ಬ್ರೆಡ್ಡಿನಕ್ಕನದು. ಹಿಂದಿನ ಸೀಟು ಕಿತ್ತು, ಕಬ್ಬಿಣದ ತಟ್ಟೆಗಳನ್ನು ಸಾಲಾಗಿ ಕೂರಿಸಿ, ಬೆಳಕು ಹರಿಯುವ ಹೊತ್ತಿಗೆ ಬೇಕರಿಯಿಂದ ಬ್ರೆಡ್ಡು ತುಂಬಿಕೊಂಡು ನಲವತ್ತು ಅಂಗಡಿಗೆ ಹಂಚುವ ಹೆಂಗಸು. ಅವಳ ಕಾರಿನ ಬಾನೆಟ್ ಎತ್ತಿದರೂ ಬ್ರೆಡ್ಡಿನ ವಾಸನೆ ಬರುತ್ತದೆ ಅನ್ನುತ್ತಿದ್ದರು. ಹದಿನಾರು ವರ್ಷದಿಂದ ಮೇಸ್ತ್ರಿಯನ್ನು ಬಿಟ್ಟು ಬೇರೆ ಯಾರಿಗೂ ಆ ಕಾರು ಮುಟ್ಟಲು ಕೊಟ್ಟವಳಲ್ಲ.

ಒಂದು ಸೋಮವಾರ ಅವಳು ಬಂದು ಆಯಿಲ್ ಬದಲಿಸಿಕೊಂಡು ಹೋದಳು. ಅಂದು ಮೇಸ್ತ್ರಿಗೆ ಅದು ಒಂಬತ್ತನೇ ಕಾರು. ಪಿಟ್ಟಿನಲ್ಲಿ ನಿಂತು, ಕಣ್ಣು ಮುಚ್ಚಿ, ಬೆರಳು ಆಡಿಸಿದ. ಮೂರು ಸುತ್ತು. ಏನೂ ತಾಗಲಿಲ್ಲ. ಡಬ್ಬಿ ಕೂರಿಸಿದ.

ಗುರುವಾರ ಬೆಳಿಗ್ಗೆ ಆ ಕಾರು ಭಾವಮೈದುನನ ಪಿಕಪ್ಪಿನ ಹಿಂದೆ ಹಗ್ಗಕ್ಕೆ ಕಟ್ಟಿಸಿಕೊಂಡು ಬಂತು. ಏರಿನ ತಿರುವಿನಲ್ಲಿ, ಆಯಿಲ್ ಇಲ್ಲದಾಗ ಹತ್ತುವ ಕೆಂಪು ಲೈಟು ಹತ್ತಿತಂತೆ, ಒಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು ಬಂತಂತೆ, ಆಮೇಲೆ ಎಲ್ಲ ನಿಂತುಹೋಯಿತಂತೆ. ಬೇಕರಿಯಿಂದ ತಿರುವಿನವರೆಗೆ ರಸ್ತೆಯ ಮೇಲೆ ಆಯಿಲ್ಲಿನ ಕಪ್ಪು ಗೆರೆ.

"ನೋಡಿದ್ರಾ ಭಾವ!" ಪಿಕಪ್ಪಿನಿಂದ ಇಳಿಯುವ ಮೊದಲೇ ಭಾವಮೈದುನ ಶುರುಮಾಡಿದ. "ಮೂವತ್ತು ವರ್ಷದಿಂದ ಬಡ್ಕೋತಿದೀನಿ. ಬಂತಲ್ಲ ಡಬ್ಬಿ ಮಹಾತ್ಮೆ!"

ಪಕ್ಕದ ಟೈರಿನವನೂ ಬಂದ. "ಭಾರ ಜಾಸ್ತಿ ಆಗಿ ತಾನಾಗೇ ಲೂಸ್ ಆಗಿರತ್ತೆ," ಅಂದ. ಅವನಿಗೆ ಗಾಳಿ ತುಂಬುವುದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ, ಆದರೆ ತಲೆ ಅಲ್ಲಾಡಿಸುವುದು ಚೆನ್ನಾಗಿ ಗೊತ್ತಿತ್ತು.

ಬ್ರೆಡ್ಡಿನಕ್ಕ ಕಾರಿನ ಹಿಂಬಾಗಿಲು ತೆಗೆದು ನೋಡಿದಳು. ಇಪ್ಪತ್ತು ಅಂಗಡಿಯ ಬ್ರೆಡ್ಡು ಇನ್ನೂ ತಟ್ಟೆಗಳಲ್ಲೇ ಇತ್ತು.

ಮೇಸ್ತ್ರಿ ಪಿಟ್ಟಿಗೆ ಇಳಿದ. ಕೆಳಗೆ ಅವನೊಬ್ಬನೇ. ಮೇಲೆ ಮೂರು ಜೊತೆ ಚಪ್ಪಲಿ ಕಾಣುತ್ತಿತ್ತು. ಡಬ್ಬಿಗೆ ಕೈ ಹಾಕಿದ. ಬಿಗಿಯಾಗಿಯೇ ಇತ್ತು. ತಗಡಿನ ಅಡ್ಡಪಟ್ಟಿ ಹಾಗೇ ಇತ್ತು, ಕಲ್ಲು ಹೊಡೆದ ಗುರುತು ಎಲ್ಲೂ ಇಲ್ಲ. ತಿರುಗಿಸಿ ಬಿಚ್ಚಿದ. ಡಬ್ಬಿಯ ಜೊತೆ ಅದರ ರಿಂಗು ಬಂತು. ಇನ್ನೊಂದು ರಿಂಗು, ಚಪ್ಪಟೆಯಾಗಿ ಹಳೇ ಚರ್ಮದ ಹಾಗೆ ಗಟ್ಟಿಯಾದದ್ದು, ಅರ್ಧ ಇಂಜಿನ್ನಿಗೆ ಅಂಟಿಕೊಂಡು ಅರ್ಧ ನಾಲಿಗೆಯ ಹಾಗೆ ಹೊರಗೆ ಜೋತುಬಿದ್ದಿತ್ತು.

ಅವನು ಅದನ್ನು ಕಿತ್ತು ತೋರುಬೆರಳು ಹೆಬ್ಬೆರಳಿನ ನಡುವೆ ಉಜ್ಜಿ ನೋಡಿದ. ರಿಂಗು ಅಲ್ಲಿದೆ ಅಂತ ಕಣ್ಣು ಹೇಳುತ್ತಿತ್ತು. ಬೆರಳು ಏನೂ ಹೇಳಲಿಲ್ಲ.

ಎರಡು ವರ್ಷದಿಂದ ಹೀಗೇ ಆಗಿತ್ತು. ಮೊದಲು ತುದಿ ಜುಮ್ ಅನ್ನುತ್ತಿತ್ತು, ಆಮೇಲೆ ಅದೂ ನಿಂತಿತು. ಟೀ ಲೋಟ ಬಿಸಿ ಇದೆಯೋ ಇಲ್ಲವೋ ತುಟಿಗೆ ಇಟ್ಟ ಮೇಲೆ ತಿಳಿಯುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಿಲ್ಲಿಸು ಅನ್ನುತ್ತಾರೆ, ನಿಲ್ಲಿಸಿದರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು? ಮೆಟ್ಟಿಲು ನೋಡಿದರೆ ಸಾಕು ಅನ್ನಿಸುವುದು ಬೇರೆ, ನಿಜಕ್ಕೂ ಸಾಕು ಮಾಡುವುದು ಬೇರೆ.

"ಏನ್ ಭಾವ, ಒಳಗೇ ನಿದ್ದೆ ಹೊಡೆದ್ರಾ?"

ಮೇಸ್ತ್ರಿ ಎರಡೂ ರಿಂಗುಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಡಬ್ಬಿಯನ್ನು ಮಾತ್ರ ಹಿಡಿದುಕೊಂಡು ಆ ಹದಿನಾಲ್ಕು ಮೆಟ್ಟಿಲು ಹತ್ತಿದ.

"ಏನಾಗಿತ್ತು?"

"ನೋಡ್ತೀನಿ. ಬಿಚ್ಚಿ ನೋಡ್ಬೇಕು."

"ಇನ್ನೇನ್ ನೋಡೋದು! ಡಬ್ಬಿ ದೊಡ್ಡದಾಯ್ತು ಅಂತ ಬಾಯಿಬಿಟ್ಟು ಹೇಳಿ, ಜಾತಿ ಏನ್ ಕೆಟ್ಟೋಗಲ್ಲ."

ಮೇಸ್ತ್ರಿ ಹೇಳಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. ತನ್ನ ಹಳೇ ಕಾರಿನ ಕೀಲಿಯನ್ನು ಗೋಡೆಯ ಮೊಳೆಯಿಂದ ತೆಗೆದು ಬ್ರೆಡ್ಡಿನಕ್ಕನ ಕೈಗೆ ಕೊಟ್ಟ. "ಸದ್ಯಕ್ಕೆ ಇದರಲ್ಲಿ ಹಂಚಮ್ಮ. ನಿನ್ನದು ಎಷ್ಟು ದಿನ ಹಿಡಿಯತ್ತೋ ಗೊತ್ತಿಲ್ಲ."

"ಮೇಸ್ತ್ರಿ, ನಿಮಗೆ?"

"ನಾನೆಲ್ಲಿಗೆ ಹೋಗ್ತೀನಿ? ಮನೆಯಿಂದ ಶೆಡ್ಡು, ಶೆಡ್ಡಿಂದ ಮನೆ."

ಟೈರಿನವನು ಸುಮ್ಮನಿರಲಿಲ್ಲ. ಎಂಥಾ ಮನುಷ್ಯ, ಎಂಥಾ ದೊಡ್ಡ ಮನಸ್ಸು ಅಂತ ಸಂಜೆಯೊಳಗೆ ಬೀದಿಗೆಲ್ಲ ಹೇಳಿದ. ಡಬ್ಬಿ ವಿಷಯದಲ್ಲಿ ಹಟಮಾರಿ ಹೌದು, ಆದರೆ ಚಿನ್ನದಂಥವನು ಅಂತ. ಹಾದುಹೋಗುವವರು ಮೇಸ್ತ್ರಿಯ ಬೆನ್ನು ತಟ್ಟಿ ಹೋದರು. ಒಂದೊಂದು ಸಲ ತಟ್ಟಿದಾಗಲೂ ಜೇಬಿನೊಳಗೆ ರಿಂಗುಗಳು ಅಲ್ಲಾಡಿದ ಹಾಗಾಗುತ್ತಿತ್ತು.

ಯೋಚನೆ ಮಾಡಿ, ಅವನು ಮಾಡಬೇಕಾಗಿದ್ದದ್ದು ಏನೂ ಇರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ತಪ್ಪು ಡಬ್ಬಿಯ ತಲೆಗೆ ಹೋಗುತ್ತಿತ್ತು. ಒಂದು ವಾದದಲ್ಲಿ ಸೋತ ಮುದುಕನನ್ನು ಯಾರೂ ಬೈಯುವುದಿಲ್ಲ, ನಕ್ಕು ಬಿಡುತ್ತಾರೆ. ಡಬ್ಬಿಯನ್ನು ಉಳಿಸಬೇಕಾದರೆ ಬೆರಳನ್ನು ಹಿಡಿದುಕೊಡಬೇಕು. ಮೂವತ್ತು ವರ್ಷ ಡಬ್ಬಿಯ ಪರವಾಗಿ ಬಾಯಿ ಒಣಗುವಷ್ಟು ವಾದಿಸಿದವನಿಗೆ ಈಗ ನಾಲಿಗೆಯೇ ಏಳಲಿಲ್ಲ.

ಶುಕ್ರವಾರ ಹಂಚಿ ಮುಗಿಸಿ ಬ್ರೆಡ್ಡಿನಕ್ಕ ಮೇಸ್ತ್ರಿಯ ಮನೆಗೇ ಬಂದಳು. ಕೈಯಲ್ಲಿ ಇನ್ನೂ ಬೆಚ್ಚಗಿದ್ದ ಒಂದು ದೊಡ್ಡ ಬ್ರೆಡ್ಡು. ಮೇಸ್ತ್ರಿಯ ಹೆಂಡತಿ ಕುರ್ಚಿ ಎಳೆದುಕೊಟ್ಟು ಟೀ ತಂದಳು.

"ಮೇಸ್ತ್ರಿ, ಒಂದು ವಿಷಯ ಹೇಳ್ಬೇಕಿತ್ತು. ನಿನ್ನೆ ಎಲ್ಲರ ಮುಂದೆ ಬಾಯಿ ಬರ್ಲಿಲ್ಲ," ಅಂದಳು ಬ್ರೆಡ್ಡಿನಕ್ಕ. ಲೋಟವನ್ನು ನೋಡುತ್ತಲೇ ಹೇಳಿದಳು. "ನಿಮ್ಮ ಡಬ್ಬಿ ತಪ್ಪಲ್ಲ ಅನ್ಸತ್ತೆ. ಲೈಟು ತಿರುವಿನ ಕೆಳಗೇ ಹತ್ತಿತ್ತು. ತಕ್ಷಣ ಆಫ್ ಮಾಡು ಅಂತ ನೀವು ಹದಿನಾರು ವರ್ಷದಿಂದ ಹೇಳಿದೀರಿ. ಹಿಂದೆ ಬಸ್ಸಿನವನು ಹಾರ್ನ್ ಹೊಡೀತಿದ್ದ. ಮೇಲೆ ಹತ್ತಿಸಿಬಿಟ್ಟು ನಿಲ್ಲಿಸೋಣ ಅಂತ ಒತ್ತಿಬಿಟ್ಟೆ. ಒಂದು ನಿಮಿಷ, ಅಷ್ಟೇ. ಇಂಜಿನ್ ಕೊಂದಿದ್ದು ನಾನೇ. ನಿಮ್ಮನ್ನ ಬೀದಿಯವರೆಲ್ಲ ಅಂತಿದಾರೆ, ನೀವು ನನಗೆ ಕಾರು ಬೇರೆ ಕೊಟ್ಟಿದೀರಿ."

ಮೇಸ್ತ್ರಿ ಬ್ರೆಡ್ಡಿನ ಒಂದು ತುಂಡು ಬಾಯಿಗೆ ಹಾಕಿಕೊಂಡಿದ್ದ. ಅದು ಕೆಳಗೆ ಇಳಿಯಲಿಲ್ಲ.

"ಹಾಗೆಲ್ಲ ಅನ್ಕೋಬೇಡಮ್ಮ," ಅಂದ. ಅಷ್ಟೇ ಅಂದ. ಅವಳು ಎದ್ದು ಹೋದಳು.

ಲೋಟಗಳನ್ನು ಎತ್ತುತ್ತಾ ಹೆಂಡತಿ ಕೇಳಿದಳು, "ಜೇಬಲ್ಲಿ ಏನ್ರೀ ಅದು?"

"ಏನಿಲ್ಲ."

"ನಿನ್ನೆ ಅಂಗಿ ಒಗೆಯೋಕೆ ಹಾಕುವಾಗಲೂ ತೆಗೆದು ಈ ಅಂಗಿಗೆ ಹಾಕ್ಕೊಂಡ್ರಿ. ಏನಿಲ್ಲದ್ದನ್ನ ಯಾರೂ ಹಾಗೆ ಜೋಪಾನ ಮಾಡಲ್ಲ."

ಅವನು ಎರಡೂ ರಿಂಗು ತೆಗೆದು ಮೇಜಿನ ಮೇಲಿಟ್ಟ. ಹೇಳಿದ. ರಿಂಗಿನ ಮೇಲೆ ರಿಂಗು ಕೂತದ್ದು, ಮೂರು ಸುತ್ತು ಆಡಿಸಿಯೂ ತಾಗದೇ ಹೋದದ್ದು, ಎಲ್ಲ. ಬೆರಳಿನ ವಿಷಯ ಹೇಳುವಾಗ ಮಾತ್ರ ಗೋಡೆ ನೋಡಿದ.

ಹೆಂಡತಿ ಆಶ್ಚರ್ಯಪಡಲಿಲ್ಲ. ಎದುರು ಕೂತು ಅವನ ಎದೆಯ ಹತ್ತಿರ ಕೈ ಚಾಚಿ ಅಂಗಿಯ ಗುಂಡಿಯೊಂದನ್ನು ಹಿಡಿದು ಎಳೆದಳು. "ಇದನ್ನ ನೋಡಿ. ಸರಿಯಾಗಿ ನೋಡ್ರಿ."

ನೋಡಿದ. ಕೋಟಿಗೆ ಹಾಕುವಂಥ ದಪ್ಪ ಗುಂಡಿ.

"ಒಂದೂವರೆ ವರ್ಷದಿಂದ ನಿಮ್ಮ ಎಲ್ಲ ಅಂಗಿಗೂ ಇದನ್ನೇ ಹೊಲೀತಿದೀನಿ. ಬೆಳಿಗ್ಗೆ ಕನ್ನಡಿ ಮುಂದೆ ಗುಂಡಿ ಹಾಕ್ಕೊಳ್ಳೋಕೆ ಕಾಲು ಗಂಟೆ ಒದ್ದಾಡ್ತಿದ್ರಿ. ಸಣ್ಣದನ್ನೆಲ್ಲ ಕಿತ್ತು ದೊಡ್ಡದು ಹಾಕಿದೆ, ತೂತುಗಳನ್ನೂ ಅಗಲ ಮಾಡಿದೆ. ಒಂದಿನ ಆದ್ರೂ ಕೇಳ್ತೀರೇನೋ ಅಂತ ಕಾದೆ. ಬೆರಳಿಗೆ ಗೊತ್ತಾಗಿದ್ರೆ ತಾನೇ ಕೇಳೋದು?"

ಮೇಸ್ತ್ರಿ ಉಳಿದ ಗುಂಡಿಗಳನ್ನೂ ಒಂದೊಂದಾಗಿ ನೋಡಿದ.

"ದೊಡ್ಡದು ಹಾಕಿದ್ರೆ ಒಳ್ಳೇದು ಅಂತ ಊರಿಗೆಲ್ಲ ಹೇಳ್ಕೊಂಡು ಬಂದೋರು ನೀವೇ ಅಲ್ವಾ?" ಅಂದು ಅವಳು ನಗಲು ನೋಡಿದಳು. ನಗು ಪೂರ್ತಿ ಬರಲಿಲ್ಲ. "ಅವಳಿಗೆ ಹೇಳ್ರಿ. ಅವಳ ಮುಖ ನೋಡಿದ್ರಾ? ನಿದ್ದೆ ಮಾಡಿಲ್ಲ ಅವಳು."

"ಹೇಳಿದ್ರೆ ಇನ್ಯಾರು ನನ್ನ ಕೈಗೆ ಕಾರು ಕೊಡ್ತಾರೆ?"

"ಕೊಡಬಾರದು ಕಣ್ರೀ," ಅಂದಳು ಹೆಂಡತಿ, ಮೆತ್ತಗೆ. "ಈ ಕೈಗೆ ಕೊಡಬಾರದು."

ಶನಿವಾರ ಮಧ್ಯಾಹ್ನ ಅವನು ಬ್ರೆಡ್ಡಿನಕ್ಕನನ್ನು ಶೆಡ್ಡಿಗೆ ಕರೆಸಿದ. ಭಾವಮೈದುನನನ್ನೂ ಅಂಗಡಿಯಿಂದ ಕೂಗಿದ. ಟೈರಿನವನನ್ನು ಯಾರೂ ಕೂಗಲಿಲ್ಲ, ಅವನು ಬಂದ. ಮೇಸ್ತ್ರಿ ಕೆಲಸದ ಮೇಜಿನ ಮೇಲೆ ಎರಡು ರಿಂಗುಗಳನ್ನು ಪಕ್ಕಪಕ್ಕ ಇಟ್ಟು, "ಇದು ಹೊಸದು, ಇದು ಹಳೇದು. ಹಳೇದನ್ನ ನಾನು ತೆಗೀಲಿಲ್ಲ. ಅದರ ಮೇಲೇ ಕೂರಿಸಿದೆ," ಅಂದ.

ಮೊದಲು ಅರ್ಥವಾಗಿದ್ದು ಭಾವಮೈದುನನಿಗೆ. "ನೀವಾ? ಮೂರು ಸುತ್ತು ಆಡಿಸ್ಲಿಲ್ವಾ?"

"ಆಡಿಸಿದೆ. ಬೆರಳು ಸತ್ತಿದೆ ಕಣೋ. ಎರಡು ವರ್ಷ ಆಯ್ತು."

"ಹಾಗಾದ್ರೆ ಡಬ್ಬಿ..." ಅಂದಳು ಬ್ರೆಡ್ಡಿನಕ್ಕ.

"ಡಬ್ಬಿ ಸರಿಯಾಗೇ ಇತ್ತು. ನೀನೂ ಸರಿಯಾಗೇ ಇದ್ದೆ. ತಿರುವಿನ ಕೆಳಗೇ ನಿಲ್ಲಿಸಿದ್ರೆ ಸ್ವಲ್ಪ ಉಳೀತಿತ್ತೇನೋ. ಆದ್ರೆ ಆ ಲೈಟು ಹತ್ತೋ ಹಾಗೆ ಮಾಡಿದೋನು ನಾನು. ಗುರುವಾರ ಪಿಟ್ಟಲ್ಲೇ ಗೊತ್ತಾಯ್ತು. ಜೇಬಿಗೆ ಹಾಕ್ಕೊಂಡೆ."

ಅವಳ ಮುಖ ಕೆಂಪಾಯಿತು. ಸಿಟ್ಟು ಬರಲಿಲ್ಲ ಅಂತ ಹೇಳಿದರೆ ಅದು ಕಾರು ಕೆಮ್ಮಿದ್ದಕ್ಕಿಂತ ದೊಡ್ಡ ಸುಳ್ಳಾದೀತು. "ಗುರುವಾರನೇ ಗೊತ್ತಿತ್ತಾ? ನಿನ್ನೆ ನಿಮ್ಮ ಮನೇಲಿ ಕೂತು ನಂದೇ ತಪ್ಪು ನಂದೇ ತಪ್ಪು ಅಂತ ಹೇಳ್ಕೊಂಡೆ. ಬ್ರೆಡ್ಡು ಬೇರೆ ತಂದ್ಕೊಟ್ಟೆ. ಕೂತು ತಿಂದ್ರಲ್ಲ ಮೇಸ್ತ್ರಿ!"

"ಇಳೀಲಿಲ್ಲಮ್ಮ," ಅಂದ ಮೇಸ್ತ್ರಿ. "ಒಂದೇ ತುಂಡು. ಅದೂ ಇಳೀಲಿಲ್ಲ."

ಅವಳು ಹೊರಗೆ ಹೋಗಿ ಬಾಗಿಲಿಗೆ ಬೆನ್ನು ಹಾಕಿ ನಿಂತಳು. ಟೈರಿನವನು ಏನೋ ಹೇಳಲು ಹೋದ, ಭಾವಮೈದುನ ಅವನ ತೋಳು ಹಿಡಿದು ಆಚೆ ತಳ್ಳಿದ. ಮೇಸ್ತ್ರಿ ಸ್ಟೂಲಿನ ಮೇಲೆ ಕೂತುಬಿಟ್ಟ. ಮೂವತ್ತು ವರ್ಷದ ಆಯಾಸ ಒಟ್ಟಿಗೆ ಬಂದು ಮಂಡಿಯ ಮೇಲೆ ಕೂತ ಹಾಗಿತ್ತು.

ಅವಳು ಒಳಗೆ ಬಂದಳು. "ಇದನ್ನ ಯಾರು ಸರಿಮಾಡ್ತಾರೆ?"

"ಬೇರೆ ಯಾರ ಹತ್ರ ಬೇಕಾದ್ರೂ..."

"ಬೇರೆಯವರ ಮಾತು ಬೇಡ. ನೀವು ಹೇಳಿ."

ಮೇಸ್ತ್ರಿ ಭಾವಮೈದುನನ ಕಡೆ ನೋಡಿದ. ಭಾವಮೈದುನ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡ. "ನನಗೆ ಸೊಂಟ ನೋವು," ಅಂದ. ಬ್ರೆಡ್ಡಿನಕ್ಕ ಮೇಜಿನ ಮೇಲಿದ್ದ ಸ್ಪ್ಯಾನರನ್ನು ಅವನ ಕಡೆ ತಳ್ಳಿದಳು. "ಸರಿ ಮಾರಾಯ್ರೆ, ಸರಿ! ಕೈ ನಂದು, ತಲೆ ಭಾವಂದು. ಆದ್ರೆ ಒಂದು ಮಾತು ಭಾವ. ಇನ್ನೆರಡು ದಿನ ಬಾಯಿ ಮುಚ್ಕೊಂಡಿದ್ರೆ ಡಬ್ಬಿ ಜಗಳ ನಾನು ಗೆದ್ದಿದ್ದೆ. ಜೀವಮಾನದಲ್ಲಿ ಒಂದ್ಸಲ ಗೆದ್ದಿದ್ದೆ. ಅದನ್ನೂ ಕಿತ್ಕೊಂಡ್ರಲ್ಲ."

ಹನ್ನೊಂದು ದಿನ ಹಿಡಿಯಿತು. ಇಂಜಿನ್ ಇಳಿಸಿದರು, ಸವೆದ ಬೇರಿಂಗುಗಳನ್ನು ತೆಗೆದು ಹೊಸದು ಹಾಕಿದರು, ಗೀರು ಬಿದ್ದ ಕ್ರ್ಯಾಂಕ್ ದಂಡವನ್ನು ಲೇತಿನವನ ಹತ್ತಿರ ಹೊತ್ತುಕೊಂಡು ಹೋಗಿ ನುಣುಪು ಮಾಡಿಸಿ ತಂದರು. ಮೇಸ್ತ್ರಿ ಸ್ಟೂಲಿನ ಮೇಲಿಂದ ಹೇಳುವುದು, ಭಾವಮೈದುನ ಗೊಣಗುತ್ತಾ ಮಾಡುವುದು. "ಆ ಬೋಲ್ಟು ಇನ್ನೊಂದು ಚೂರು." "ಗೊತ್ತು." "ಗೊತ್ತಿದ್ರೆ ಯಾಕೆ ಬಿಟ್ಟೆ?" "ನೀವು ಹೇಳ್ಲಿ ಅಂತ." ಬೇರೆ ಗಿರಾಕಿಗಳು ಬಂದು ಬಾಗಿಲಲ್ಲಿ ನಿಂತು, ವಿಷಯ ಕೇಳಿ, ಕೆಲವರು ಸುಮ್ಮನೆ ಕಾರು ತಿರುಗಿಸಿಕೊಂಡು ಹೋದರು. ಮೇಸ್ತ್ರಿ ಅವರನ್ನು ಕೂಗಲಿಲ್ಲ. ಒಂದೆರಡು ಸಲ ಮರೆತು ಸ್ಪ್ಯಾನರಿಗೆ ಕೈ ಚಾಚಿದ, ಆಮೇಲೆ ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

ಕೊನೆಯ ದಿನ ಬ್ರೆಡ್ಡಿನಕ್ಕ ಬಂದಾಗ ಭಾವಮೈದುನ ಎರಡು ಡಬ್ಬಿ ತಂದು ಮೇಜಿನ ಮೇಲಿಟ್ಟ. ಒಂದು ಮುಷ್ಟಿಯಷ್ಟು, ಒಂದು ಅದರ ಎರಡರಷ್ಟು. ಮೇಸ್ತ್ರಿ ಯಾವುದನ್ನೂ ಮುಟ್ಟಲಿಲ್ಲ.

"ನೀನೇ ಹೇಳಮ್ಮ. ಕಾರು ನಿಂದು. ಚಿಕ್ಕದು ಸಾಕು ಅಂದ್ರೆ ಚಿಕ್ಕದು. ನನ್ನ ಹತ್ರ ಇನ್ನು ವಾದ ಇಲ್ಲ."

ಅವಳು ಎರಡನ್ನೂ ಎತ್ತಿ ತೂಗಿ ನೋಡಿದಳು. "ಹದಿನಾರು ವರ್ಷ ದೊಡ್ಡದರ ಮೇಲೇ ಓಡಿದೆ. ಅದು ನನಗೇನೂ ಮೋಸ ಮಾಡಿಲ್ಲ," ಅಂದಳು. ಮಾಡಿದವರು ಯಾರು ಅನ್ನುವುದನ್ನು ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. "ಆದ್ರೆ ಕೂರಿಸೋದು ನಾನು."

"ನೀನಾ?"

"ನನ್ನ ಬೆರಳು ಚೆನ್ನಾಗಿದೆ."

ಅವಳು ಪಿಟ್ಟಿಗೆ ಇಳಿದಳು. ಮೇಸ್ತ್ರಿ ಮೇಲಿಂದ ಬಗ್ಗಿ ಹೇಳಿಕೊಟ್ಟ. ಕಣ್ಣು ಮುಚ್ಚು. ಒತ್ತಬೇಡ, ಸವರು. ಒಂದು ಸುತ್ತು. ಏನಾದ್ರೂ ತಾಗ್ತಾ? ಇಲ್ಲ. ಇನ್ನೊಂದು. ಇಲ್ಲ. ಇನ್ನೊಂದು.

"ಮೇಸ್ತ್ರಿ, ಎಷ್ಟು ನುಣುಪಾಗಿದೆ ಗೊತ್ತಾ," ಅಂದಳು ಕೆಳಗಿನಿಂದ.

ಆ ನುಣುಪು ಅವನಿಗೆ ನೆನಪಿತ್ತು.

ಮುಕ್ಕಾಲು ಸುತ್ತು ಬಿಗಿ ಮಾಡಿ ಅವಳು ಮೇಲೆ ಬಂದು ಕೀಲಿ ತಿರುಗಿಸಿದಳು. ಇಂಜಿನ್ ಎದ್ದಿತು. ಕೆಂಪು ಲೈಟು ಹತ್ತಿಕೊಂಡೇ ಇತ್ತು. ದೊಡ್ಡ ಡಬ್ಬಿ ತುಂಬಿಕೊಳ್ಳಲು ಒಂದು ಉಸಿರು ಹೆಚ್ಚು ಹೊತ್ತು ಬೇಕು, ಅದು ಎಲ್ಲರಿಗೂ ಗೊತ್ತು, ಆದರೂ ಆ ಶೆಡ್ಡಿನಲ್ಲಿ ಯಾರೂ ಉಸಿರಾಡಲಿಲ್ಲ. ಒಂದು. ಎರಡು. ಭಾವಮೈದುನ ಭಾವನ ಭುಜ ಹಿಡಿದುಕೊಂಡ. ಲೈಟು ಆರಿತು.

"ಸಾಕಪ್ಪ," ಅಂದ ಮೇಸ್ತ್ರಿ. ಹೋಗಿ ಗೋಡೆಯ ಮೊಳೆಯಿಂದ ಶೆಡ್ಡಿನ ಬೀಗದ ಕೀಲಿ ತೆಗೆದು ಭಾವಮೈದುನನ ಜೇಬಿಗೆ ಹಾಕಿದ. ತನ್ನ ಬೆರಳಿಗೆ ತಾಗದ ಗುಂಡಿಯ ಅಂಗಿಯನ್ನು ಒಂದು ಸಲ ಕೆಳಗೆ ಎಳೆದುಕೊಂಡು ಮನೆಗೆ ನಡೆದುಕೊಂಡು ಹೋದ. ಅಂದು ಮಧ್ಯಾಹ್ನ ಮಲಗಿದವನು ಮಾರನೇ ದಿನ ಹಾಲಿನವನು ಬಂದಾಗಲೂ ಗೊರಕೆ ಹೊಡೆಯುತ್ತಲೇ ಇದ್ದನಂತೆ.

ಈಗ ನೀವು ಕೇಳುತ್ತೀರಿ, ಇಂಜಿನ್ ಬಿಚ್ಚಿದ ಮೇಲೆ ನಾಲ್ಕು ಲಕ್ಷದ ಲೆಕ್ಕ ಮತ್ತೆ ಸೊನ್ನೆಯಿಂದ ಶುರು ತಾನೇ ಅಂತ. ಸ್ವಾಮಿ, ಆ ಕಾರು ಆಮೇಲೆ ಓಡಿದ್ದನ್ನು ಹೇಳಿದರೆ ನೀವು ಎದ್ದೇ ಹೋಗುತ್ತೀರಿ. ಒಂದು ದಿನ ಬ್ರೆಡ್ಡಿನಕ್ಕನಿಗೆ ಜ್ವರ ಬಂದು ಮಲಗಿದ್ದಾಳೆ, ಕಾರು ಬಾಗಿಲಲ್ಲಿ ನಿಂತು ನಿಂತು ಬೇಸರವಾಗಿ, ತಾನೇ ಬೇಕರಿಯ ಕಡೆಗೆ ಮ...

ಹಾಂ? ಬಡಿಸಾಯಿತೇ? ಬಂದೆ ಕಣಮ್ಮ, ಇವರಿಗೆ ಇದೊಂದು ಹೇಳಿ... ಇಲ್ಲ ಇಲ್ಲ, ಕೋಪ ಮಾಡ್ಕೋಬೇಡ. ಎದ್ದೆ, ಇಗೋ ಎದ್ದೆ.